ಜಪಾನಿ ಗೇಮ್ ಕೊಳ್ಳುವ ಮುಂಚೆ ಯಾರ ಮಾತು ಕೇಳಬೇಕು?

ಕಂಪ್ಯೂಟರ್ ಗೇಮುಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಶುರುವಾಯಿತು ಅಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. ವಿಮರ್ಶಕರು ತೊಂಬತ್ತು ಕೊಟ್ಟಿದ್ದಾರೆ, ಸ್ಟೀಮ್‌ನಲ್ಲಿ ಜನ ಉಗಿಯುತ್ತಿದ್ದಾರೆ, ತಗೊಳ್ಳಲಾ ಬೇಡವಾ ಅಂತ ಒಬ್ಬ. ಹಳೇ ರಿವ್ಯೂ ಓದಿದರೆ ಕಸ ಅಂತಿದೆ, ಫ್ಯಾನುಗಳನ್ನು ಕೇಳಿದರೆ ಇದನ್ನು ಆಡದೆ ಸತ್ತರೆ ಮೋಕ್ಷ ಇಲ್ಲ ಅಂತಾರೆ, ಯಾರನ್ನು ನಂಬಲಿ ಅಂತ ಇನ್ನೊಬ್ಬ. ಈ ಗೊಂದಲ ಹೆಚ್ಚಾಗಿ ಜಪಾನಿನ ಗೇಮುಗಳ ಬಗ್ಗೆಯೇ ಇರುತ್ತದೆ. ಅಮೆರಿಕದ ಶೂಟಿಂಗ್ ಗೇಮ್ ಬಗ್ಗೆ ಯಾರೂ ನನ್ನನ್ನು ಹೀಗೆ ಕೇಳಿದ್ದಿಲ್ಲ.

ಕಾರಣ ಇಲ್ಲದೆ ಇಲ್ಲ. ಜಪಾನಿನ ಗೇಮುಗಳನ್ನು ಇಂಗ್ಲಿಷ್ ಪತ್ರಿಕೆ ಮತ್ತು ಸೈಟುಗಳು ಒಂದು ಕಾಲಕ್ಕೆ ತಲೆ ಮೇಲೆ ಹೊತ್ತವು, ಆಮೇಲೆ ಕೆಳಗೆ ಎಸೆದವು, ಈಗ ಮತ್ತೆ ಹೊತ್ತಿವೆ. ಫ್ಯಾನುಗಳು ಮಾತ್ರ ಇದ್ದಲ್ಲೇ ಇದ್ದು ಕೂಗಾಡುತ್ತಾ ಬಂದರು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಈ ರಗಳೆ ಇರಲಿಲ್ಲ ಬಿಡಿ. ನಿಂಟೆಂಡೊದ ಫ್ಯಾಮಿಕಾಮ್‌ನ ನಕಲು ಮಷಿನ್ನು, ಅದಕ್ಕೊಂದು ಹಳದಿ ಕ್ಯಾಸೆಟ್ಟು, ಆನ್ ಆಗದಿದ್ದರೆ ಉಫ್ ಅಂತ ಊದಿ ಮತ್ತೆ ತುರುಕುವುದು. ಮಾರಿಯೋ, ಕಾಂಟ್ರಾ ಎರಡೂ ಜಪಾನಿನವು ಅಂತಲೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಯಾವ ಕ್ಯಾಸೆಟ್ಟಿತ್ತೋ ಅದನ್ನೇ ಆಡುತ್ತಿದ್ದೆವು.

ಈಗ ಒಂದು ಹೊಸ ಗೇಮಿಗೆ ನಾಲ್ಕೈದು ಸಾವಿರ ರೂಪಾಯಿ. ಅದರ ಮೇಲೆ ಐವತ್ತರಿಂದ ನೂರು ತಾಸು. ದುಡ್ಡಾದರೂ ಬರುತ್ತೆ ಹೋಗುತ್ತೆ, ನೂರು ತಾಸು ಎಲ್ಲಿಂದ ತರುತ್ತೀರಿ? ಹಾಗಾಗಿ ಯಾರ ಮಾತು ಕೇಳಿ ಕೊಳ್ಳಬೇಕು ಅನ್ನುವುದೇ ಇಲ್ಲಿನ ಪ್ರಶ್ನೆ. ನಮ್ಮ ಮುಂದೆ ಇರುವವರು ಐದು ಥರದವರು: ದೊಡ್ಡ ಇಂಗ್ಲಿಷ್ ಸೈಟುಗಳು ಮತ್ತು ಅವುಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್, ಜಪಾನಿನ ಫ್ಯಾಮಿತ್ಸು ಪತ್ರಿಕೆ, ಸ್ಟೀಮ್‌ನಲ್ಲಿ ಬರೆಯುವ ಸಾಮಾನ್ಯ ಜನ, ಹುಚ್ಚು ಹಿಡಿದ ಫ್ಯಾನುಗಳು, ಮತ್ತೆ ಯೂಟ್ಯೂಬಿನಲ್ಲಿ ಗಂಟೆಗಟ್ಟಲೆ ಮಾತಾಡುವ ಒಂಟಿ ವಿಮರ್ಶಕರು. ಆರನೆಯವರು ನೀವೇ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಅಳತೆಗೋಲು

ನಾನು ನೋಡುವುದು ನಾಲ್ಕು ವಿಷಯ. ಮೊದಲನೆಯದೇ ದೊಡ್ಡದು: ಈ ಮಾತು ಹೇಳಿದವನು ಗೇಮನ್ನು ಎಲ್ಲಿವರೆಗೆ ಆಡಿದ್ದಾನೆ? ಎರಡನೆಯದು, ಯಾವ ವರ್ಷ ಹೇಳಿದ್ದು? ಮೂರನೆಯದು, ಯಾವ ಮಷಿನ್ನಿನಲ್ಲಿ, ಯಾವ ಭಾಷೆಯಲ್ಲಿ ಆಡಿ ಹೇಳಿದ್ದು? ನಾಲ್ಕನೆಯದು, ಹಾಗೆ ಹೇಳುವುದರಿಂದ ಅವನಿಗೇನಾದರೂ ಲಾಭವಿದೆಯಾ?

ಮೊದಲನೆಯದನ್ನು ಯಾಕೆ ದೊಡ್ಡದು ಅಂದೆ ಅನ್ನುವುದಕ್ಕೆ ಒಂದು ಕತೆ ಹೇಳುತ್ತೇನೆ. 2010ರಲ್ಲಿ ಸ್ಕ್ವೇರ್ ಎನಿಕ್ಸ್‌ನಿಂದ ನಿಯರ್ ಅನ್ನೋ ಗೇಮ್ ಬಂತು. ನಿರ್ದೇಶಕ ಯೊಕೊ ಟಾರೊ. ಅದರಲ್ಲಿ ಶುರುವಿಗೇ ಒಂದು ಕಡಲೂರು ಬರುತ್ತದೆ, ಅಲ್ಲಿ ಒಂದು ಮೀನು ಹಿಡಿದು ಕೊಡಬೇಕು. ಅಮೆರಿಕದ ಒಂದು ಸೈಟಿನ ವಿಮರ್ಶಕ ಗಾಳ ಹಾಕಲು ನಿಂತ. ಮೀನು ಕಚ್ಚುತ್ತಿತ್ತು, ಎಳೆದರೆ ತಪ್ಪಿಸಿಕೊಳ್ಳುತ್ತಿತ್ತು. ಮತ್ತೆ ಹಾಕಿದ, ಮತ್ತೆ ತಪ್ಪಿತು. ಕೊನೆಗೆ ರೋಸಿಹೋಗಿ ಗೇಮನ್ನೇ ಬಿಟ್ಟು, ಬಿಟ್ಟೆ ಅಂತ ರಿವ್ಯೂನಲ್ಲೇ ಬರೆದ. ಆಮೇಲೆ ಓದುಗರು ಹೇಳಿದ್ದು ಇಷ್ಟೇ: ಸ್ವಾಮಿ, ನೀವು ನಿಂತ ಜಾಗವೇ ತಪ್ಪು, ಆ ಜಾಗದಲ್ಲಿ ಸಿಗುವುದು ದೊಡ್ಡ ಮೀನುಗಳು, ನಿಮಗೆ ಬೇಕಾದದ್ದು ಆಚೆ ಮರಳಿನ ದಡದಲ್ಲಿ ಇತ್ತು. ಆತ ಪ್ರಾಮಾಣಿಕ, ಆಡಿಲ್ಲ ಅಂತ ಒಪ್ಪಿಕೊಂಡ. ತಪ್ಪು ಗೇಮಿನದ್ದೂ ಇತ್ತು, ಎಲ್ಲಿ ನಿಲ್ಲಬೇಕು ಅಂತ ಅದು ಸರಿಯಾಗಿ ಹೇಳುವುದಿಲ್ಲ. ಆದರೆ ನಿಯರ್‌ನ ಅಸಲಿ ವಿಷಯ ಇರುವುದು ಒಂದು ಸಲ ಮುಗಿಸಿ ಎರಡನೇ ಸಲ ಆಡುವಾಗ. ಮೊದಲ ಸಲ ನೀವು ಕೊಂದ ದೆವ್ವಗಳು ಏನು ಮಾತಾಡುತ್ತಿದ್ದವು ಅಂತ ಎರಡನೇ ಸಲ ಕೇಳಿಸುತ್ತದೆ. ಮೀನಿನ ಹತ್ತಿರ ನಿಂತುಹೋದವನಿಗೆ ಅದೆಲ್ಲಿಂದ ಗೊತ್ತಾಗಬೇಕು?

ದೊಡ್ಡ ಇಂಗ್ಲಿಷ್ ಸೈಟುಗಳು ಮತ್ತು ಮೆಟಾಕ್ರಿಟಿಕ್

ಅದೇ ನಿಯರ್‌ಗೆ ಮೆಟಾಕ್ರಿಟಿಕ್‌ನಲ್ಲಿ ಬಂದದ್ದು ನೂರಕ್ಕೆ 68ರ ಆಸುಪಾಸು. ಏಳು ವರ್ಷ ಬಿಟ್ಟು, 2017ರಲ್ಲಿ, ಅದೇ ನಿರ್ದೇಶಕ, ಅದೇ ಹುಚ್ಚು, ಅದೇ "ಮತ್ತೆ ಮತ್ತೆ ಮುಗಿಸಿ" ಅನ್ನುವ ಹಟ, ನಿಯರ್ ಆಟೊಮಾಟಾಗೆ ಬಂದದ್ದು 88. ಹೊಡೆದಾಟವನ್ನು ಪ್ಲಾಟಿನಮ್ ಗೇಮ್ಸ್‌ನವರು ಚೆನ್ನಾಗಿ ಮಾಡಿದ್ದರು, ನಿಜ. ಆದರೆ ಇಪ್ಪತ್ತು ಅಂಕದ ವ್ಯತ್ಯಾಸ ಪೂರ್ತಿ ಅದರಿಂದಲೇ ಬಂತು ಅಂದರೆ ನಾನು ಒಪ್ಪುವುದಿಲ್ಲ. ನಡುವೆ ಗಾಳಿ ಬೀಸುವ ದಿಕ್ಕು ಬದಲಾಗಿತ್ತು.

2008ರಿಂದ ಸುಮಾರು ಐದಾರು ವರ್ಷ ಜಪಾನಿನ ಗೇಮುಗಳನ್ನು ಹೀಗಳೆಯುವುದು ಒಂದು ಫ್ಯಾಷನ್ನೇ ಆಗಿತ್ತು. ಹೊರಗಿನವರಷ್ಟೇ ಅಲ್ಲ, 2009ರ ಟೋಕಿಯೊ ಗೇಮ್ ಶೋನಲ್ಲಿ ಅಲ್ಲಿನದೇ ಗೇಮ್ ಕಂಪನಿ ಕ್ಯಾಪ್‌ಕಾಮ್‌ನ ಕೈಜಿ ಇನಾಫುನೆಯೇ ಜಪಾನಿನ ಗೇಮ್ ಉದ್ಯಮದ ಕತೆ ಮುಗಿಯಿತು ಅನ್ನುವ ಅರ್ಥದಲ್ಲಿ ಮಾತಾಡಿದರು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಒಬ್ಬ ಜಪಾನಿ ಡೆವಲಪರ್, ಈಚಿನ ಜಪಾನಿ ಗೇಮುಗಳ ಬಗ್ಗೆ ಏನಂತೀರಿ ಅಂತ ಕೇಳಿದ್ದಕ್ಕೆ, ಫೆಜ್ ಅನ್ನುವ ಗೇಮ್ ಮಾಡಿದ ಫಿಲ್ ಫಿಶ್ ಮುಖಕ್ಕೆ ಹೊಡೆದ ಹಾಗೆ ನಿಮ್ಮ ಗೇಮುಗಳು ಕೆಟ್ಟದಾಗಿವೆ ಅಂದುಬಿಟ್ಟರು. ಆಮೇಲೆ ಕ್ಷಮೆಯನ್ನೂ ಕೇಳಿದರು. ಜೆಆರ್‌ಪಿಜಿ, ಅಂದರೆ ಜಪಾನಿ ರೋಲ್ ಪ್ಲೇಯಿಂಗ್ ಗೇಮ್, ಅನ್ನುವ ಪದವೇ ಆಗ ಒಂಥರಾ ಬೈಗುಳದ ಹಾಗಿತ್ತು. ಫೈನಲ್ ಫ್ಯಾಂಟಸಿ 16ರ ನಿರ್ಮಾಪಕ ನವೋಕಿ ಯೊಶಿದಾ 2023ರ ಒಂದು ಸಂದರ್ಶನದಲ್ಲಿ, ಆ ಪದವನ್ನು ಮೊದಲ ಸಲ ಕೇಳಿದಾಗ ನಮ್ಮಲ್ಲಿ ಕೆಲವರಿಗೆ ಭೇದಭಾವ ಮಾಡಿದ ಹಾಗನ್ನಿಸಿತ್ತು ಅಂದಾಗ ಎಷ್ಟೋ ಫ್ಯಾನುಗಳಿಗೆ ಆಶ್ಚರ್ಯ. ಅವರು ಅದನ್ನು ಪ್ರೀತಿಯಿಂದಲೇ ಬಳಸುತ್ತಿದ್ದರು.

ಎಲ್ಲ ದೂರೂ ಸುಳ್ಳು ಅಂತಲ್ಲ. ಫೈನಲ್ ಫ್ಯಾಂಟಸಿ 13 ಉದ್ದನೆಯ ಓಣಿಯಲ್ಲಿ ನಡೆದ ಹಾಗಿದೆ ಅಂದರು, ಹೌದು, ಹಾಗೇ ಇದೆ, ನಾನೇ ಆಡಿ ಬೇಸತ್ತಿದ್ದೇನೆ. ಆದರೆ ಅದೇ ಕೋಲಿನಿಂದ ಎಲ್ಲರಿಗೂ ಬಾರಿಸಿದರು. ರೆಸಿಡೆಂಟ್ ಈವಿಲ್‌ನ ಶಿಂಜಿ ಮಿಕಾಮಿ ಮಾಡಿದ ಗಾಡ್ ಹ್ಯಾಂಡ್‌ಗೆ 2006ರಲ್ಲೇ ಐಜಿಎನ್ ಸೈಟು ಹತ್ತಕ್ಕೆ ಮೂರು ಕೊಟ್ಟಿತ್ತು. ಅದನ್ನು ಇವತ್ತು ಹೊಡೆದಾಟದ ಗೇಮ್ ಇಷ್ಟಪಡುವವರು ಪೂಜೆ ಮಾಡುತ್ತಾರೆ. 2010ರ ಡೆಡ್ಲಿ ಪ್ರೆಮೊನಿಷನ್‌ಗೆ ಐಜಿಎನ್ ಎರಡು ಕೊಟ್ಟರೆ ಡಿಸ್ಟ್ರಕ್ಟಾಯ್ಡ್ ಅನ್ನುವ ಇನ್ನೊಂದು ಸೈಟು ಹತ್ತಕ್ಕೆ ಹತ್ತು ಕೊಟ್ಟಿತು. ಎರಡೂ ಒಂದೇ ಗೇಮಿಗೆ! ಈಗ ಇವೆರಡರ ಸರಾಸರಿ ಆರು ಅಂತ ಓದಿದರೆ ನಿಮಗೇನು ಗೊತ್ತಾಯಿತು? ಆರು ಅನ್ನುವ ಗೇಮ್ ಅಲ್ಲಿ ಇಲ್ಲವೇ ಇಲ್ಲ. ಒಬ್ಬನಿಗೆ ಕಸ, ಇನ್ನೊಬ್ಬನಿಗೆ ಅಮೃತ. ಮೆಟಾಕ್ರಿಟಿಕ್‌ನ ದೊಡ್ಡ ತೊಂದರೆ ಇದೇ.

ಗಾಳಿ ಬದಲಾದದ್ದು 2017ರ ಮೊದಲ ನಾಲ್ಕು ತಿಂಗಳಲ್ಲಿ ಅಂತ ನನ್ನ ಲೆಕ್ಕ. ರೆಸಿಡೆಂಟ್ ಈವಿಲ್ 7, ಯಾಕುಜಾ 0, ನಿಯೊ, ಜೆಲ್ಡಾದ ಬ್ರೆತ್ ಆಫ್ ದ ವೈಲ್ಡ್, ನಿಯರ್ ಆಟೊಮಾಟಾ, ಪರ್ಸೋನಾ 5, ಎಲ್ಲವೂ ಜನವರಿಯಿಂದ ಏಪ್ರಿಲ್ ಒಳಗೆ ಇಂಗ್ಲಿಷಿನಲ್ಲಿ ಬಂದವು. ಬೈಯಲು ಯಾರಿಗೂ ಪುರುಸೊತ್ತೇ ಸಿಗಲಿಲ್ಲ.

ಹಾಗಾಗಿ ನನ್ನ ಲೆಕ್ಕಾಚಾರ ಹೀಗೆ. 2017ರ ಈಚಿನ ದೊಡ್ಡ ಗೇಮಿಗೆ ಈ ಸೈಟುಗಳ ಮಾತು ಸಾಕಷ್ಟು ನಂಬಬಹುದು. ಈಗಿನ ವಿಮರ್ಶಕರಲ್ಲಿ ಈ ಗೇಮುಗಳನ್ನೇ ಆಡಿ ಬೆಳೆದವರು ಜಾಸ್ತಿ ಇದ್ದಾರೆ. 2008ರಿಂದ 2014ರವರೆಗಿನ ರಿವ್ಯೂ ಆದರೆ ಅಂಕ ಬಿಟ್ಟು ದೂರು ಮಾತ್ರ ಓದಿ. "ಹಳೇ ಕಾಲದ ಆಟ" ಅನ್ನುವುದೇ ದೂರಾದರೆ ಅದು ನಿಮಗೆ ಹೊಗಳಿಕೆಯೂ ಆಗಬಹುದು. "ಕ್ಯಾಮೆರಾ ಕೈಕೊಡುತ್ತದೆ, ಸೇವ್ ಮಾಡುವ ಜಾಗ ಸಿಗುವುದಿಲ್ಲ" ಅಂತಿದ್ದರೆ ಅದು ಇವತ್ತಿಗೂ ನಿಜವೇ. ಇನ್ನೊಂದು: ಬಿಡುಗಡೆ ದಿನವೇ ಬರುವ ರಿವ್ಯೂ ಅಂದರೆ ನೂರು ತಾಸಿನ ಗೇಮನ್ನು ವಾರ ಹತ್ತು ದಿನದಲ್ಲಿ ನಿದ್ದೆಗೆಟ್ಟು ಮುಗಿಸಿದವರು ಬರೆದದ್ದು. ರಾತ್ರಿ ಒಂದೊಂದು ತಾಸು ಆಡುವ ನಿಮಗೆ ನಿಧಾನ ಅನ್ನಿಸದ ಜಾಗದಲ್ಲಿ ಅವರಿಗೆ ಜೀವ ಹೋಗಿರುತ್ತದೆ.

ಫ್ಯಾಮಿತ್ಸು

ಜಪಾನಿನ ಗೇಮ್ ಬಗ್ಗೆ ಜಪಾನಿನವರನ್ನೇ ಕೇಳಿದರಾಯಿತಲ್ಲ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಫ್ಯಾಮಿತ್ಸು 1986ರಿಂದ ಬರುತ್ತಿದೆ. ನಾಲ್ಕು ಜನ ಆಡಿ ತಲಾ ಹತ್ತಕ್ಕೆ ಅಂಕ ಕೊಡುತ್ತಾರೆ, ಒಟ್ಟು ನಲವತ್ತು. ಮೊದಲ ನಲವತ್ತಕ್ಕೆ ನಲವತ್ತು ಸಿಕ್ಕಿದ್ದು 1998ರಲ್ಲಿ ಜೆಲ್ಡಾದ ಆಕರಿನಾ ಆಫ್ ಟೈಮ್‌ಗೆ. ಆಮೇಲೆ ಎಷ್ಟೋ ವರ್ಷ ನಲವತ್ತು ಅನ್ನುವುದು ಅಪರೂಪವೇ ಆಗಿತ್ತು. 2005ರ ಹೊತ್ತಿನಿಂದ ಕೈ ಸಡಿಲವಾಯಿತು. ಪಶ್ಚಿಮದವರು ಓಣಿ ಅಂತ ಬೈದ ಫೈನಲ್ ಫ್ಯಾಂಟಸಿ 13ಕ್ಕೆ 39, ಅದರ ಮುಂದಿನ ಭಾಗಕ್ಕೆ ಪೂರಾ 40.

ಈಗ ಇನ್ನೊಂದು ಕಡೆ ನೋಡಿ. 2009ರಲ್ಲಿ ಫ್ರಮ್‌ಸಾಫ್ಟ್‌ವೇರ್‌ನ ಡೀಮನ್ಸ್ ಸೋಲ್ಸ್ ಬಂತು. ಫ್ಯಾಮಿತ್ಸು ಕೊಟ್ಟದ್ದು 29. ಮೂವತ್ತರ ಮೇಲೆ ಅಂಕ ಮಾಮೂಲಾಗಿದ್ದ ಪತ್ರಿಕೆಯಲ್ಲಿ 29 ಅಂದರೆ ಸುಮಾರು ಅಂತಲೇ ಅರ್ಥ. ಸೋನಿಯ ಗೇಮ್ ಸ್ಟುಡಿಯೋಗಳ ಆಗಿನ ಮುಖ್ಯಸ್ಥ ಶುಹೇ ಯೊಶಿದಾ ಕೂಡ ಬಿಡುಗಡೆಗೆ ಮುಂಚೆ ಹತ್ತಿರಹತ್ತಿರ ಎರಡು ತಾಸು ಆಡಿ, ಶುರುವಿನ ಜಾಗವನ್ನೇ ದಾಟಲಾಗದೆ, ಇದು ಕೆಟ್ಟ ಗೇಮ್ ಅಂತ ಕೈಬಿಟ್ಟದ್ದನ್ನು ಆಮೇಲೆ ತಾವೇ ಹೇಳಿಕೊಂಡರು. ಸೋನಿ ಅದನ್ನು ಪಶ್ಚಿಮಕ್ಕೆ ತರಲೇ ಇಲ್ಲ. ಏಷ್ಯಾದ ಕಾಪಿಯಲ್ಲಿ ಇಂಗ್ಲಿಷ್ ಇದ್ದದ್ದರಿಂದ ಜನ ಅದನ್ನೇ ಹಡಗು ದಾಟಿಸಿ ತರಿಸಿಕೊಂಡು ಆಡಿದರು, ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಅಮೆರಿಕಕ್ಕೆ ತಂದದ್ದು ಅಟ್ಲಸ್ ಕಂಪನಿ. ಆ ವರ್ಷ ಗೇಮ್‌ಸ್ಪಾಟ್ ಸೈಟು ಅದನ್ನೇ ವರ್ಷದ ಗೇಮ್ ಅಂದಿತು. ಆ ಎರಡು ತಾಸಿನ "ಕೆಟ್ಟ ಗೇಮ್"ನಿಂದಲೇ ಡಾರ್ಕ್ ಸೋಲ್ಸ್ ಹುಟ್ಟಿತು, ಎಲ್ಡನ್ ರಿಂಗ್ ಹುಟ್ಟಿತು.

ಅಂದರೆ ಸ್ವಂತ ಊರಿನವರಿಗೆ ಜಾಸ್ತಿ ಗೊತ್ತು ಅನ್ನುವುದು ಸುಳ್ಳು. ಅವರಿಗೆ ದೊಡ್ಡ ಹೆಸರಿನ ಮೇಲೆ ಮರ್ಯಾದೆ ಜಾಸ್ತಿ, ಹೊಸದರ ಮೇಲೆ ಅನುಮಾನ ಜಾಸ್ತಿ. ಜೊತೆಗೆ ಲಾಭದ ಪ್ರಶ್ನೆ: ಫ್ಯಾಮಿತ್ಸು ಇರುವುದು ಕಡೊಕಾವಾ ಗುಂಪಿನಲ್ಲಿ, ಫ್ರಮ್‌ಸಾಫ್ಟ್‌ವೇರನ್ನು 2014ರಲ್ಲಿ ಕೊಂಡದ್ದೂ ಕಡೊಕಾವಾವೇ. ಅಂಕ ತಿರುಚುತ್ತಾರೆ ಅಂತ ನಾನು ಹೇಳುತ್ತಿಲ್ಲ. ಒಂದೇ ಮನೆಯವರು ಅನ್ನುವುದು ನೆನಪಿರಲಿ, ಅಷ್ಟೇ. ಇಂಗ್ಲಿಷಿನಲ್ಲಿ ಇನ್ನೂ ಬರದ ಗೇಮ್ ಬಗ್ಗೆ ಒಂದು ಸುಳಿವು ಬೇಕು ಅಂದರೆ ಮಾತ್ರ ನಾನು ಇತ್ತ ನೋಡುತ್ತೇನೆ. ಇತ್ತೀಚೆಗೆ ಪರ್ಸೋನಾ, ಲೈಕ್ ಎ ಡ್ರ್ಯಾಗನ್ (ಯಾಕುಜಾ ಸರಣಿಯ ಈಗಿನ ಹೆಸರು) ಥರದ ದೊಡ್ಡವು ಎಲ್ಲ ಕಡೆ ಒಟ್ಟಿಗೇ ಬರುವುದರಿಂದ ಆ ಅವಶ್ಯಕತೆಯೂ ಕಡಿಮೆಯಾಗಿದೆ.

ಸ್ಟೀಮ್‌ನ ಜನ

ಇಲ್ಲಿ ಒಂದು ದೊಡ್ಡ ಅನುಕೂಲ ಇದೆ: ಬರೆದವನು ಎಷ್ಟು ತಾಸು ಆಡಿದ್ದಾನೆ ಅಂತ ಅವನ ಮಾತಿನ ಮೇಲೇ ಅಚ್ಚಾಗಿರುತ್ತದೆ. ಬರೆಯುವಾಗ ಎಷ್ಟಾಗಿತ್ತು, ಈಗ ಎಷ್ಟಾಗಿದೆ, ಎರಡೂ. ಬೇರೆ ಕಡೆ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ಅರ್ಧ ತಾಸು ಆಡಿ ಕೆಟ್ಟದು ಅಂದವನ ಮಾತಿಗೂ ಬೆಲೆ ಇದೆ, ಆದರೆ ಅದು ಗೇಮ್ ಹೇಗಿದೆ ಅನ್ನುವುದಕ್ಕಲ್ಲ, ಕಂಪ್ಯೂಟರಿನಲ್ಲಿ ಓಡುತ್ತಾ ಅನ್ನುವುದಕ್ಕೆ.

ಜಪಾನಿನ ಗೇಮುಗಳಲ್ಲಿ ಇದು ಮುಖ್ಯ. ಪಿಸಿಗೆ ತರುವ ಕೆಲಸದಲ್ಲಿ ಅವರದು ಹಳೇ ಕುಖ್ಯಾತಿ. 2012ರಲ್ಲಿ ಡಾರ್ಕ್ ಸೋಲ್ಸ್ ಪಿಸಿಗೆ ಬೇಕು ಅಂತ ಸಾವಿರಾರು ಜನ ಅರ್ಜಿ ಹಾಕಿ ತರಿಸಿಕೊಂಡರು. ಬಂದದ್ದು ಹೇಗಿತ್ತು? 720ಪಿ ಚಿತ್ರ, ಸೆಕೆಂಡಿಗೆ 30 ಫ್ರೇಮ್, ಅದರ ಮೇಲೆ ಹೋಗದು. ಡುರಾಂಟೆ ಅನ್ನುವ ಹೆಸರಿನ ಒಬ್ಬ ಆಟಗಾರ ಬಿಡುಗಡೆಯ ದಿನವೇ ಒಂದು ಪುಟ್ಟ ಪ್ಯಾಚ್ (ಗೇಮಿನ ದೋಷ ತಿದ್ದುವ ಫೈಲು) ಹಾಕಿ ಚಿತ್ರವನ್ನು ಸರಿಮಾಡಿದ. ನಿಯರ್ ಆಟೊಮಾಟಾದ ಪಿಸಿ ಆವೃತ್ತಿ 2017ರಲ್ಲಿ ಬಂತು, ಕಂಪನಿಯವರು ಸರಿಯಾದ ಪ್ಯಾಚ್ ಕೊಟ್ಟದ್ದು 2021ರ ಜುಲೈನಲ್ಲಿ. ಆವರೆಗೂ ಜನ ಆಡಿದ್ದು ಫ್ಯಾನ್ ಒಬ್ಬ ಮಾಡಿದ ಫಾರ್ ಅನ್ನುವ ಮಾಡ್ ಹಾಕಿಕೊಂಡು. ಆ ದಿನಗಳ ರಿವ್ಯೂ ಸೈಟುಗಳಲ್ಲಿ ಹೆಚ್ಚಿನವರು ಆಡಿದ್ದು ಪ್ಲೇಸ್ಟೇಷನ್‌ನಲ್ಲಿ. 88 ಅಂತ ನೋಡಿ ಪಿಸಿಗೆ ಕೊಂಡವನಿಗೆ ಸಿಕ್ಕಿದ್ದು ಬೇರೆ.

ಎಲ್ಡನ್ ರಿಂಗ್‌ಗೆ ಮೆಟಾಕ್ರಿಟಿಕ್‌ನಲ್ಲಿ 96, ಬಿಡುಗಡೆಯ ಹೊತ್ತಿಗೆ ಸ್ಟೀಮ್‌ನಲ್ಲಿ ಮಿಕ್ಸೆಡ್, ಅಂದರೆ ಹೊಗಳಿದವರೂ ಬೈದವರೂ ಬೆರೆತಿದ್ದರು. ಕಾರಣ ಪಿಸಿಯಲ್ಲಿ ತಡವರಿಸುತ್ತಿತ್ತು. 2024ರ ಡ್ರ್ಯಾಗನ್ಸ್ ಡಾಗ್ಮಾ 2 ಕೂಡ ಹಾಗೇ, ವಿಮರ್ಶಕರು ಹೊಗಳಿದರು, ಸ್ಟೀಮ್‌ನಲ್ಲಿ ಮೋಸ್ಟ್‌ಲಿ ನೆಗೆಟಿವ್, ಬೈದವರೇ ಜಾಸ್ತಿ. ಅಲ್ಲಿ ಓಡುವ ವೇಗದ ಸಿಟ್ಟೂ ಇತ್ತು, ಗೇಮಿನೊಳಗೆ ಚಿಲ್ಲರೆ ಸಾಮಾನಿಗೆ ದುಡ್ಡು ಕೇಳಿದ್ದಾರೆ ಅನ್ನುವ ಸಿಟ್ಟೂ ಇತ್ತು. ಅದೇ ವರ್ಷ ಎಲ್ಡನ್ ರಿಂಗ್‌ನ ಶ್ಯಾಡೊ ಆಫ್ ದ ಎರ್ಡ್‌ಟ್ರೀ ಅನ್ನುವ ಹೆಚ್ಚುವರಿ ಭಾಗ ಬಂದಾಗ ಸ್ಟೀಮ್‌ನಲ್ಲಿ ಮತ್ತೆ ಮಿಕ್ಸೆಡ್, ಈ ಸಲ ಓಡುವ ತೊಂದರೆಯ ಜೊತೆಗೆ ತುಂಬಾ ಕಷ್ಟ ಅನ್ನುವ ದೂರು. ಇದಕ್ಕೆ ಹಳಬರು ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಧಾಟಿಯಲ್ಲಿ ನಕ್ಕರು.

ನೋಡಿ, ಮೂರು ಸಲವೂ ಮೇಲೆ ಕಂಡದ್ದು ಅಸಮಾಧಾನವೇ, ಕಾರಣ ಬೇರೆ ಬೇರೆ. ಹಾಗಾಗಿ ಸ್ಟೀಮ್‌ನ ಆ ಒಂದೆರಡು ಪದದ ತೀರ್ಪು ಓದಿ ನಿಲ್ಲಬೇಡಿ. ಕೆಳಗಿಳಿದು ಇಪ್ಪತ್ತು ತಾಸಿನ ಮೇಲೆ ಆಡಿದವರನ್ನು ಮಾತ್ರ ಸೋಸಿ, ಅದರಲ್ಲೂ ಬೇಡ ಅಂದವರನ್ನು ಓದಿ. ನಲವತ್ತು ತಾಸು ಆಡಿ ಬೇಡ ಅನ್ನುವವನಷ್ಟು ಒಳ್ಳೆಯ ವಿಮರ್ಶಕ ಇನ್ನೊಬ್ಬನಿಲ್ಲ. ಇತ್ತೀಚಿನ ರಿವ್ಯೂಗಳನ್ನು ಬೇರೆಯಾಗಿ ನೋಡಿ, ಪ್ಯಾಚ್ ಬಂದಿದೆಯಾ ಅಂತ ಗೊತ್ತಾಗುತ್ತದೆ. ನಿಮ್ಮದು ಮೂರು ನಾಲ್ಕು ವರ್ಷದ ಹಳೇ ಲ್ಯಾಪ್‌ಟಾಪ್ ಆಗಿದ್ದರೆ, ದೊಡ್ಡ ಸೈಟಿನ ವಿಮರ್ಶಕನಿಗಿಂತ ನಿಮ್ಮಂಥದ್ದೇ ಲ್ಯಾಪ್‌ಟಾಪ್‌ನಲ್ಲಿ ಒದ್ದಾಡಿದವನು ನಿಮಗೆ ಹತ್ತಿರದ ನೆಂಟ.

ಫ್ಯಾನುಗಳು

ಹೆತ್ತವರಿಗೆ ಹೆಗ್ಗಣ ಮುದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಇವರನ್ನು ತುಂಬಾ ಹೊಗಳಲಿಕ್ಕಿದೆ.

ನಮಗೆ ಇವತ್ತು ಆಡಲು ಸಿಗುವ ಎಷ್ಟೋ ಜಪಾನಿ ಗೇಮುಗಳು ಸಿಕ್ಕಿದ್ದೇ ಇವರಿಂದ. 2011ರಲ್ಲಿ ನಿಂಟೆಂಡೊ ಝೆನೊಬ್ಲೇಡ್ ಕ್ರಾನಿಕಲ್ಸ್, ದ ಲಾಸ್ಟ್ ಸ್ಟೋರಿ, ಪಂಡೋರಾಸ್ ಟವರ್ ಈ ಮೂರನ್ನೂ ಅಮೆರಿಕಕ್ಕೆ ತರುವ ಸುದ್ದಿಯನ್ನೇ ಎತ್ತಲಿಲ್ಲ. ಫ್ಯಾನುಗಳು ಆಪರೇಷನ್ ರೈನ್‌ಫಾಲ್ ಅಂತ ಚಳವಳಿ ಮಾಡಿ ಪತ್ರ ಬರೆದರು, ಪ್ರೀಆರ್ಡರ್ ಹಾಕಿ ತೋರಿಸಿದರು. ಕೊನೆಗೆ ಮೂರೂ ಬಂದವು, ಝೆನೊಬ್ಲೇಡ್ 2012ರ ಏಪ್ರಿಲ್‌ನಲ್ಲಿ. ಮದರ್ 3 2006ರಲ್ಲಿ ಜಪಾನಿನಲ್ಲಿ ಬಂತು, ಇಂಗ್ಲಿಷಿಗೆ ಬರಲೇ ಇಲ್ಲ, 2008ರಲ್ಲಿ ಫ್ಯಾನುಗಳೇ ಅನುವಾದ ಮಾಡಿ ಹಂಚಿದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟ್ರೇಲ್ಸ್ ಫ್ರಮ್ ಝೀರೊ ಕತೆ. 2010ರ ಜಪಾನಿ ಗೇಮ್ ಅದು. ಜಿಯೋಫ್ರಂಟ್ ಅನ್ನುವ ಫ್ಯಾನುಗಳ ಗುಂಪು 2020ರಲ್ಲಿ ಅನುವಾದ ಹೊರತಂದಿತು. ಅದು ಎಷ್ಟು ಚೆನ್ನಾಗಿತ್ತೆಂದರೆ ಕಂಪನಿಯವರು ಕೇಸು ಹಾಕುವ ಬದಲು ಅದನ್ನೇ ತೆಗೆದುಕೊಂಡು 2022ರಲ್ಲಿ ಅಧಿಕೃತವಾಗಿ ಮಾರಿದರು.

ಒಂದು ಸರಣಿಯಲ್ಲಿ ಯಾವುದರಿಂದ ಶುರುಮಾಡಬೇಕು, ಯಾವ ಅನುವಾದ ಒಳ್ಳೆಯದು, ಯಾವ ಪ್ಯಾಚ್ ಹಾಕಬೇಕು, ಇದಕ್ಕೆ ಫ್ಯಾನುಗಳಷ್ಟು ತಿಳಿದವರು ಯಾರೂ ಇಲ್ಲ. ಯಾಕುಜಾ ಶುರುಮಾಡಲು 0 ಹಿಡಿಯಿರಿ ಅಂತ ಅವರು ಹೇಳುವುದು ಸರಿ. ಟ್ರೇಲ್ಸ್ ಆದರೆ ಟ್ರೇಲ್ಸ್ ಇನ್ ದ ಸ್ಕೈನಿಂದಲೇ ಅನ್ನುವುದೂ ಸರಿ, ಆದರೆ ಅದು ಹತ್ತಕ್ಕೂ ಜಾಸ್ತಿ ಗೇಮುಗಳ ದಾರಿ ಅನ್ನುವುದನ್ನು ಮೆಲ್ಲಗೆ ಆಮೇಲೆ ಹೇಳುತ್ತಾರೆ.

ಆದರೆ ಕೊಳ್ಳಬೇಕಾ ಅಂತ ಮಾತ್ರ ಅವರನ್ನು ಕೇಳಬೇಡಿ. ಉತ್ತರ ಯಾವಾಗಲೂ ಹೌದು. ಬೇರೆ ಯಾರಾದರೂ ಅಲ್ಲ ಅಂದರೆ ಬಿಡುವುದೂ ಇಲ್ಲ. 2006ರಲ್ಲಿ ಗೇಮ್‌ಸ್ಪಾಟ್ ಜೆಲ್ಡಾದ ಟ್ವೈಲೈಟ್ ಪ್ರಿನ್ಸೆಸ್‌ಗೆ 8.8 ಕೊಟ್ಟಿತು. ಒಂಬತ್ತಕ್ಕೆ ಪಾಯಿಂಟ್ ಎರಡು ಕಡಿಮೆಯಾಯಿತು ಅಂತ ಎದ್ದ ಗದ್ದಲ ಇವತ್ತಿಗೂ ಜೋಕಾಗಿ ಉಳಿದಿದೆ. 2017ರಲ್ಲಿ ಬ್ರೆತ್ ಆಫ್ ದ ವೈಲ್ಡ್‌ಗೆ ಹತ್ತಕ್ಕೆ ಏಳು ಕೊಟ್ಟ ಒಬ್ಬ ವಿಮರ್ಶಕರ ಸೈಟನ್ನೇ ದಾಳಿ ಮಾಡಿ ಬೀಳಿಸಿದರು. ಏಳು ಅಂದರೆ ಚೆನ್ನಾಗಿದೆ ಅಂತ ಕಣ್ರೋ! ಈಚೆಗೆ ಅನುವಾದಕರ ಮೇಲೂ ಸಿಟ್ಟು ತಿರುಗಿದೆ, ಈ ಸಾಲು ಜಪಾನಿ ಭಾಷೆಯಲ್ಲಿ ಹೀಗಿರಲಿಲ್ಲ, ಕೆಡಿಸಿದರು ಅಂತ. ಕೆಲವು ಸಲ ಅವರ ಮಾತಿನಲ್ಲಿ ಹುರುಳಿರುತ್ತದೆ, ಆದರೆ ಬಹಳ ಸಲ ಜಪಾನಿ ಓದಲು ಬಾರದವರೇ ಜಾಸ್ತಿ ಕೂಗುತ್ತಾರೆ. ಡಬ್ಬಿಂಗ್ ಬೇಕೋ ಬೇಡವೋ ಅಂತ ದಶಕಗಟ್ಟಲೆ ಜಗಳ ಆಡಿದ ನಮಗೆ ಇದು ಅರ್ಥವಾಗದ್ದೇನಲ್ಲ.

"ಇಪ್ಪತ್ತು ತಾಸು ತಡ್ಕೊಳ್ಳಿ, ಆಮೇಲೆ ಸೂಪರ್" ಅನ್ನುವ ಮಾತು ಫ್ಯಾನುಗಳದ್ದೇ. ಇದು ಸುಳ್ಳಲ್ಲ, ನಿಯರ್‌ನಲ್ಲಿ ನೋಡಿದೆವಲ್ಲ. ಆದರೆ ವಾರಕ್ಕೆ ನಾಲ್ಕು ತಾಸು ಸಿಗುವವನಿಗೆ ಇಪ್ಪತ್ತು ತಾಸು ಅಂದರೆ ಒಂದು ತಿಂಗಳಿಗೂ ಮೇಲೆ.

ಯೂಟ್ಯೂಬಿನ ಒಂಟಿ ವಿಮರ್ಶಕರು

ಇವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಥರ ಇದ್ದಾರೆ. ಒಂದು ಟಿಮ್ ರಾಜರ್ಸ್ ಥರದವರು. ಜಪಾನಿನಲ್ಲಿ ವರ್ಷಗಟ್ಟಲೆ ಇದ್ದು ಬಂದ ಈತ ಟೊಕಿಮೆಕಿ ಮೆಮೋರಿಯಲ್ ಅನ್ನುವ ಹಳೇ ಹೈಸ್ಕೂಲ್ ಪ್ರೇಮದ ಗೇಮಿನ ಮೇಲೆ ಸುಮಾರು ಆರು ತಾಸಿನ ವಿಡಿಯೋ ಮಾಡಿದ್ದಾನೆ. ನಾನು ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಚುತ್ತಾ ವಾರವಿಡೀ ಕೇಳಿದೆ. ಆ ಗೇಮ್ ನಾನು ಆಡಿಲ್ಲ, ಆಡುವುದೂ ಇಲ್ಲ, ಆದರೂ ಕೇಳಿದ್ದಕ್ಕೆ ಬೇಜಾರಿಲ್ಲ. ಇಂಥವರು ಪೂರ್ತಿ ಆಡಿಯೇ ಮಾತಾಡುತ್ತಾರೆ. ತೊಂದರೆ ಏನೆಂದರೆ ಕತೆಯೆಲ್ಲ ಹೇಳಿಬಿಡುತ್ತಾರೆ, ಕೊಳ್ಳುವ ಮುಂಚೆ ನೋಡಿದರೆ ಕೊಳ್ಳುವ ಕಾರಣವೇ ಉಳಿಯುವುದಿಲ್ಲ. ಇನ್ನೊಂದು ಡಿಜಿಟಲ್ ಫೌಂಡ್ರಿ ಥರದವರು, ಯಾವ ಮಷಿನ್ನಿನಲ್ಲಿ ಎಷ್ಟು ಫ್ರೇಮ್ ಬರುತ್ತದೆ ಅಂತ ಅಳೆದು ತೋರಿಸುವವರು. ಪಿಸಿಯೋ ಪಿಎಸ್5ಓ ಅಂತ ತೂಗಾಡುವವರು ಹತ್ತು ನಿಮಿಷ ಇದನ್ನು ನೋಡಿ.

ಕೊನೆಗೆ ನೀವೇ

ಸ್ಟೀಮ್‌ನಲ್ಲಿ ಕೊಂಡು ಹದಿನಾಲ್ಕು ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಸಿಗುತ್ತದೆ. ಹಾಗಾದರೆ ಯಾರ ಮಾತೂ ಬೇಡ, ಆಡಿ ನೋಡಿದರಾಯಿತು ಅನ್ನಬಹುದು. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅಂತಾರೆ. ಈ ಗೇಮುಗಳಿಗೆ ಆ ಮಾತು ಒಪ್ಪುವುದಿಲ್ಲ. ಪರ್ಸೋನಾ 5ರಲ್ಲಿ ಎರಡು ತಾಸಾದರೂ ನಿಮ್ಮ ಕೈಗೆ ಆಟ ಪೂರ್ತಿ ಬಂದಿರುವುದಿಲ್ಲ, ಬರೀ ಮಾತುಕತೆ, ಸ್ಕೂಲು, ಮಳೆ. ಡೀಮನ್ಸ್ ಸೋಲ್ಸ್‌ನಲ್ಲಿ ಎರಡು ತಾಸಿಗೆ ಶುಹೇ ಯೊಶಿದಾ ಅವರಂಥವರೇ ಬೇಸ್ತುಬಿದ್ದರು. ಆ ಎರಡು ತಾಸಲ್ಲಿ ನೋಡಬೇಕಾದದ್ದು ಎರಡೇ: ನಿಮ್ಮ ಮಷಿನ್ನಿನಲ್ಲಿ ಸರಾಗವಾಗಿ ಓಡುತ್ತಾ, ಅಕ್ಷರ ಕಣ್ಣಿಗೆ ಕಾಣುತ್ತಾ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಾದರೆ ಡೌನ್‌ಲೋಡ್ ಶುರುಮಾಡಿದ ಮೇಲೆ ಸಾಮಾನ್ಯವಾಗಿ ದುಡ್ಡು ವಾಪಸ್ ಇಲ್ಲ, ಇದನ್ನು ಮರೆಯಬೇಡಿ.

ಇದಕ್ಕಿಂತ ಒಳ್ಳೆಯದು ಡೆಮೊ, ಅಂದರೆ ರುಚಿ ನೋಡಲು ಕೊಡುವ ಗೇಮಿನ ಶುರುವಿನ ಭಾಗ, ಅದರಲ್ಲಿ ಈಗ ಜಪಾನಿನವರದ್ದೇ ಮೇಲುಗೈ. ಡ್ರ್ಯಾಗನ್ ಕ್ವೆಸ್ಟ್ 11 ಎಸ್‌ನ ಡೆಮೊ ಸುಮಾರು ಹತ್ತು ತಾಸಿನದು. 2024ರ ಮೆಟಫರ್ ರೀಫ್ಯಾಂಟಜಿಯೊದ್ದು ಐದು ತಾಸಿನ ಆಸುಪಾಸು. ಫೈನಲ್ ಫ್ಯಾಂಟಸಿ 16ಕ್ಕೂ ಇದೆ. ಎಲ್ಲ ಪುಕ್ಕಟೆ.

ಇನ್ನು ನಿಮ್ಮ ನಿಮ್ಮ ಪರಿಸ್ಥಿತಿ. ಕೆಲಸ, ಮನೆ, ಮಕ್ಕಳು ಅಂತ ಎರಡು ತಿಂಗಳಿಗೆ ಒಂದೇ ಗೇಮ್ ಆಡುವವರು 2017ರ ಈಚಿನದ್ದಾದರೆ ದೊಡ್ಡ ಸೈಟುಗಳಲ್ಲಿ ಎರಡು ರಿವ್ಯೂ ಓದಿ, ಒಂದು ಹೊಗಳಿದ್ದು, ಒಂದು ಬೈದದ್ದು, ಆಮೇಲೆ ಸ್ಟೀಮ್‌ನ ನಲವತ್ತು ತಾಸಿನ ಅತೃಪ್ತರನ್ನು ಓದಿ. ಅರ್ಧ ತಾಸಿನ ಕೆಲಸ. ಕಾಲೇಜಿನವರು, ಕೈಯಲ್ಲಿ ಸಾವಿರ ರೂಪಾಯಿ, ಟೈಮ್ ಬೇಕಾದಷ್ಟು ಅನ್ನುವವರು ಫ್ಯಾನುಗಳ ಹಿಂದೆ ಹೋಗಿ. ವಿಮರ್ಶಕರು ತುಳಿದು ಹಾಕಿದ ಹಳೇ ಗೇಮುಗಳು ಸೇಲ್‌ನಲ್ಲಿ ಕಡಿಮೆ ಬೆಲೆಗೆ ಬರುತ್ತವೆ, ಇಪ್ಪತ್ತು ತಾಸು ತಡೆದುಕೊಳ್ಳುವ ಶಕ್ತಿಯೂ ಆ ವಯಸ್ಸಿಗೇ ಇರುವುದು. ಕನ್ಸೋಲ್ ಇದ್ದರೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಳ್ಳಿ. ರಿವ್ಯೂ ನಂಬಿ ಮೋಸಹೋದರೂ ಮಾರಿದರೆ ಮುಕ್ಕಾಲು ದುಡ್ಡು ಬಂತು. ನಾನು ಪಿಎಸ್2 ಕಾಲದಲ್ಲಿ ಮೆಜೆಸ್ಟಿಕ್ ಕಡೆಯ ಒಂದು ಸಣ್ಣ ಅಂಗಡಿಯಲ್ಲಿ ಕವರ್ ನೋಡಿ ಕೊಂಡ ಡಿಸ್ಕು ಮನೆಗೆ ಬಂದು ಹಾಕಿದರೆ ಪೂರ್ತಿ ಜಪಾನಿ ಭಾಷೆಯಲ್ಲಿತ್ತು, ಅದನ್ನು ವಾಪಸ್ ತಗೊಳ್ಳುವವರೂ ಇರಲಿಲ್ಲ. ಮೆನುವಿನಲ್ಲಿ ಮೂರನೆಯದು ಒತ್ತಿದರೆ ಸೇವ್ ಆಗುತ್ತೆ ಅಂತ ಲೆಕ್ಕ ಇಟ್ಟುಕೊಂಡು ಆಡಿದ್ದೆ.

ನಿಂಟೆಂಡೊ ಗೇಮುಗಳು ಬೇಕು ಅನ್ನುವವರಿಗೆ ಇಲ್ಲಿ ಅಧಿಕೃತ ಮಾರಾಟ ಇಲ್ಲ, ಆಮದು ಮಾಡಿದ್ದನ್ನೇ ಕೊಳ್ಳಬೇಕು, ಬೆಲೆಯೂ ಜಾಸ್ತಿ. ಅಲ್ಲಿ ಹೊಸ ಪ್ರಯೋಗ ಬೇಡ, ಸೈಟು, ಫ್ಯಾನು ಇಬ್ಬರೂ ಒಪ್ಪಿದ್ದನ್ನು ಮಾತ್ರ ತಗೊಳ್ಳಿ.

ಮತ್ತೆ ಡೆಮೊ ಆಡುವವರಿಗೆ ಒಂದು ಮಾತು. ನಾನು ಹೇಳಿದ ಮೂರರಲ್ಲೂ ನೀವು ಆಡಿದ ಸೇವ್ ಪೂರ್ತಿ ಗೇಮಿಗೆ ಬರುತ್ತದೆ, ಮತ್ತೆ ಮೊದಲಿಂದ ಆಡಬೇಕಿಲ್ಲ. ಜಾಗ ಸಾಲದು ಅಂತ ಡೆಮೊ ಅಳಿಸುವುದಾದರೆ ಅಳಿಸಿ, ಸೇವ್ ಫೈಲ್ ಮಾತ್ರ ಅಳಿಸಬೇಡಿ. ನಾನು ಒಂದು ಸಲ ಅಳಿಸಿಬಿಟ್ಟೆ, ಹತ್ತು ತಾಸು ಹೋಯಿತು.